ಭಾವನ ಬಣ್ಣದ ಮೀನು

ಕುಮಾರ ಪಾರ್ಕ್ ಪಶ್ಚಿಮದ ನಮ್ಮ ರಸ್ತೆಗೂ ಮೀನಿಗೂ ಇರುವ ಸಂಬಂಧ ಅಷ್ಟಕ್ಕಷ್ಟೆ. ಎದುರು ಮನೆಯವರು ಜೈನರು, ಪಕ್ಕದವರು ಮಾರ್ವಾಡಿಗಳು, ನಾವು ಈರುಳ್ಳಿಯನ್ನೂ ಪಂಚಾಂಗ ನೋಡಿಕೊಂಡು ಹೆಚ್ಚುವವರು. ಮೀನ ಅಂದರೆ ನಮಗೆ ರಾಶಿಗಳಲ್ಲಿ ಕೊನೆಯದು, ಮತ್ಸ್ಯ ಅಂದರೆ ಅವತಾರಗಳಲ್ಲಿ ಮೊದಲನೆಯದು. ಜೀವಂತ ಮೀನನ್ನು ನೋಡಲೇಬೇಕು ಅಂತಿದ್ದರೆ ಮೂಲೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿದೆ. ಅಲ್ಲಿ ಗಾಜಿನ ತೊಟ್ಟಿಯ ಮೀನು, ಹೊರಗೆ ಕೂತ ರೋಗಿ, ಇಬ್ಬರೂ ಬಾಯಿ ತೆರೆದುಕೊಂಡು ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಕಬ್ಬನ್ ಪಾರ್ಕಿನ ಅಕ್ವೇರಿಯಮ್ಮಿಗೆ ಕರೆದುಕೊಂಡು ಹೋಗುತ್ತಿದ್ದರು. 1983ರಲ್ಲಿ ಶುರುವಾದದ್ದು ಅದು. ಅದರ ಮಗ್ಗುಲಲ್ಲೇ ಮೀನುಗಾರಿಕೆ ನಿಗಮದವರ ಮತ್ಸ್ಯದರ್ಶಿನಿ ಹೋಟೆಲು ಬಂತು. ಇಲ್ಲಿ ನೋಡಿ, ಅಲ್ಲಿ ತಿನ್ನಿ ಎನ್ನುವ ಈ ಸರ್ಕಾರಿ ಏರ್ಪಾಟನ್ನು ಕಂಡ ಮೇಲೆ ಅಪ್ಪ ನಮ್ಮನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗತೊಡಗಿದರು.

ಇಂಥ ರಸ್ತೆಗೆ ಹೋದ ಡಿಸೆಂಬರಿನಲ್ಲಿ ನಮ್ಮ ಭಾವ ಸೂಟ್‌ಕೇಸಿನಲ್ಲಿ ಒಂದು ಮೀನು ತಂದರು.

ಭಾವ ಡಲ್ಲಾಸಿನಲ್ಲಿ ಸಾಫ್ಟ್‌ವೇರಿನವರು. ಅಕ್ಕನೂ ಅವರೂ ಅಲ್ಲಿಗೆ ಹೋದ ಹೊಸತರಲ್ಲಿ ಶನಿವಾರ ಕಾಸ್ಟ್‌ಕೋ, ಭಾನುವಾರ ದೇವಸ್ಥಾನ ಎಂದು ಧರ್ಮವಾಗಿಯೇ ಬಾಳುತ್ತಿದ್ದರು. ಆಫೀಸಿನ ಯಾರೋ ಪುಣ್ಯಾತ್ಮ ಊರಿನ ಪೂರ್ವಕ್ಕಿರುವ ಲೇಕ್ ಫೋರ್ಕ್ ಜಲಾಶಯಕ್ಕೆ ಭಾವನನ್ನು ಕರೆದುಕೊಂಡು ಹೋಗಿ ಬಾಸ್ ಮೀನಿನ ಹುಚ್ಚು ಹಿಡಿಸಿದ. ಬಾಸ್ ಅಮೆರಿಕದ ಸಿಹಿನೀರಿನ ಬೇಟೆ ಮೀನು. ಬಾಯಿ ತೆರೆದರೆ ನಮ್ಮ ಮುಷ್ಟಿ ಒಳಗೆ ಹೋಗುವಷ್ಟು ಅಗಲ. ಅದನ್ನು ಹಿಡಿಯಬೇಕು, ತೂಗಬೇಕು, ಫೋಟೊ ತೆಗೆಸಿಕೊಳ್ಳಬೇಕು, ಮತ್ತೆ ನೀರಿಗೆ ಬಿಡಬೇಕು. ಭಾವ ಇವತ್ತಿಗೂ ಮೊಟ್ಟೆ ಹಾಕಿದ ಕೇಕು ತಿನ್ನುವವರಲ್ಲ.

ಅಮ್ಮನಿಗೆ ಇದು ಅರ್ಥವಾಗಲಿಲ್ಲ. ಅಳಿಯನನ್ನು ನೇರವಾಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಎದುರಿಗೆ ಅವರನ್ನೇ ಕೂರಿಸಿಕೊಂಡು ನನ್ನನ್ನು ಕೇಳಿದರು: "ತಿನ್ನೋಲ್ಲ ಅಂದ್ಮೇಲೆ ಹಿಡಿಯೋದ್ಯಾಕೋ? ಬಿಡೋದೇ ಆದ್ರೆ ಅಲ್ಲೇ ಇತ್ತಲ್ಲ ಅದು, ನೀರಲ್ಲೇ!" ಭಾವ ನನ್ನ ಕಡೆ ತಿರುಗಿ, "ಅದು ಸ್ಪೋರ್ಟು ಅಂತ ಹೇಳಯ್ಯಾ ಅಮ್ಮನಿಗೆ" ಅಂದರು. ನಾನು ಹೇಳಿದೆ. "ಮೀನಿಗೂ ಸ್ಪೋರ್ಟೇನೋ?" ಅಂದರು ಅಮ್ಮ. ಈ ಪ್ರಶ್ನೆಯನ್ನು ನಾನು ಅತ್ತ ದಾಟಿಸಲಿಲ್ಲ.

ಸೂಟ್‌ಕೇಸಿನಿಂದ ಹೊರಬಂದ ಮೀನು ಮಂಗಳೂರು ಸೌತೆಕಾಯಿಯಷ್ಟು ದಪ್ಪವಿತ್ತು. ಹೊಟ್ಟೆಯ ಕೆಳಗೆ ಮೂರ್ಮೂರು ಮೊನೆಯ ಮೂರು ಕೊಕ್ಕೆಗಳು, ನಡುವಿನಲ್ಲಿ ಕೀಲು, ಗಾಜಿನ ಕಣ್ಣು, ಮೈಮೇಲೆ ಟ್ರೌಟ್ ಮೀನಿನ ಗುಲಾಬಿ ಪಟ್ಟೆ. ಬೆಲೆ ಎಷ್ಟೆಂದು ಅಕ್ಕನ ಮುಂದೆ ಹೇಳಬಾರದೆಂದು ನನಗೆ ಆಣೆಯಾಗಿದೆ. ಇಂಥ ದೊಡ್ಡ ಹುಸಿಮೀನುಗಳ ಹಿಂದೆ ಒಂದು ಶಾಸ್ತ್ರವೇ ಇದೆಯಂತೆ. ಕ್ಯಾಲಿಫೋರ್ನಿಯಾದ ಜಲಾಶಯಗಳಿಗೆ ಸರ್ಕಾರದವರು ಟ್ರೌಟ್ ಮೀನುಗಳನ್ನು ತಂದು ಸುರಿಯುತ್ತಿದ್ದರು. ಅವನ್ನು ನುಂಗಿ ನುಂಗಿ ಅಲ್ಲಿಯ ಬಾಸ್‌ಗಳು ಕೊಬ್ಬಿದವು. ದೊಡ್ಡ ಮೀನು ಚಿಲ್ಲರೆ ತುತ್ತಿಗೆ ಈಜಿ ದಣಿಯುವುದಿಲ್ಲ, ಒಂದೇ ಸಲಕ್ಕೆ ಹೊಟ್ಟೆ ತುಂಬುವಂಥದ್ದನ್ನು ಹುಡುಕುತ್ತದೆ. ಆದ್ದರಿಂದ ದೊಡ್ಡ ಮೀನು ಬೇಕಾದವನು ದೊಡ್ಡ ಆಮಿಷವನ್ನೇ ಒಡ್ಡಬೇಕು. ಸಣ್ಣ ದೋಣಿಯಲ್ಲಿ ಕೂತು, ಅದನ್ನು ಮೂವತ್ತು ನಲವತ್ತು ಮೀಟರ್ ಹಿಂದಕ್ಕೆ ಬಿಟ್ಟು, ನಡಿಗೆಯ ವೇಗದಲ್ಲಿ ಎಳೆದುಕೊಂಡು ಹೋಗುತ್ತಿದ್ದರಾಯಿತು. ಇದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಬಾಸ್ ಹಿಡಿಯುವ ದೊಡ್ಡ ಪಂದ್ಯಗಳಲ್ಲಿ ಟ್ರೋಲಿಂಗಿಗೆ ನಿಷೇಧ. ದೋಣಿ ದುಡಿಯುತ್ತಿದ್ದರೆ ಮನುಷ್ಯ ಸುಮ್ಮನೆ ಕೂತಿರುವುದು ಆಟವಲ್ಲ ಎಂದು ಅವರ ವಾದ. ನನಗೆ ಈ ಕ್ರೀಡೆಯ ಮೇಲೆ ಗೌರವ ಹುಟ್ಟಿದ್ದೇ ಅದನ್ನು ಕೇಳಿದ ಮೇಲೆ.

ಮೀನು ನೀರಿನಲ್ಲಿ ಹೇಗೆ ಬಳುಕುತ್ತದೆ ಎಂದು ಮೊದಲು ಪರೀಕ್ಷಿಸಬೇಕಲ್ಲ. ಹತ್ತಿರದಲ್ಲಿ ಸ್ಯಾಂಕಿ ಕೆರೆಯಿದೆ. ಕರ್ನಲ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ್ದು. ಆದರೆ ಬೆಳಗಿನ ವಾಕಿಂಗಿನವರ ಎದುರಿಗೆ, ಅದರಲ್ಲೂ ನಮ್ಮ ಮನೆಗೆ ಬರುವ ಪುರೋಹಿತರು ಅಲ್ಲೇ ನಡೆಯುವಾಗ, ಗಾಳ ತೆಗೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೊನೆಗೆ ಭಾವ ನಮ್ಮ ಮನೆಯ ಸಂಪಿನ ಮುಚ್ಚಳ ತೆಗೆದರು. ಯೋಚಿಸಿ ನೋಡಿದರೆ ಅದೂ ಕಾವೇರಿಯೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಪಂಪಿನಲ್ಲಿ ಏರಿ ಬಂದು ನಮ್ಮ ಗೇಟಿನ ಪಕ್ಕದಲ್ಲಿ ವಿಶ್ರಮಿಸಿಕೊಳ್ಳುವ ನದಿ. ಭಾವ ಮಂಡಿಯೂರಿ ಕೂತು ಆ ಚೌಕಾಕಾರದ ಕಾವೇರಿಯಲ್ಲಿ ಮೀನನ್ನು ಆಡಿಸುತ್ತಿರುವಾಗ ಅಮ್ಮ ಮಡಿನೀರಿಗೆ ಬಂದರು.

ಆಮೇಲೆ ನಡೆದದ್ದು ಧರ್ಮಸೂಕ್ಷ್ಮ. ಮರದ ಮೀನಿಗೆ ಮೈಲಿಗೆಯುಂಟೋ ಇಲ್ಲವೋ? ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ಬಣ್ಣದ ಗೊಂಬೆಗೆ ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಆದರೆ ಒಂದು ಷರತ್ತು. "ಇದು ಅಲ್ಲಿ ನಿಜವಾದ ಮೀನಿನ ಬಾಯಿಗೆ ಹೋಗಿ ಬಂದಿದೆಯಾ ಕೇಳೋ." ಹೋಗಿದೆ ಅಂದರೆ ಸಂಪು ಖಾಲಿ ಮಾಡಿಸಿ, ತಿಕ್ಕಿಸಿ, ಟ್ಯಾಂಕರ್ ತರಿಸಬೇಕು. ಹೋಗಿಲ್ಲ ಅಂದರೆ ಟೆಕ್ಸಾಸಿನಲ್ಲಿ ಭಾವ ಇಷ್ಟು ವರ್ಷ ಮಾಡಿದ್ದೇನು ಎಂಬ ಪ್ರಶ್ನೆ ಬರುತ್ತದೆ. ಭಾವ ಟ್ಯಾಂಕರಿನ ಬೆಲೆ ವಿಚಾರಿಸಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ಇಲ್ಲ, ಇದನ್ನ ಇನ್ನೂ ಯಾವ ಮೀನೂ ಕಚ್ಚಿಲ್ಲ." ಅಮ್ಮ ಸಮಾಧಾನದಿಂದ ಬಿಂದಿಗೆ ತುಂಬಿಕೊಂಡರು.

ಈ ತಪ್ಪೊಪ್ಪಿಗೆಯನ್ನು ನಾನು ಸುಮ್ಮನೆ ಬಿಡುವವನಲ್ಲ. ಭಾವನ ಕೃಪೆಯಿಂದ ಬಾಸ್ ಇತಿಹಾಸವನ್ನು ನಾನೂ ಒಂದಿಷ್ಟು ಓದಿಕೊಂಡಿದ್ದೆ. ದೊಡ್ಡ ಆಮಿಷದ ಶಾಸ್ತ್ರವನ್ನು ಪರೀಕ್ಷಿಸಲು ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಹೊರಟ ಬೆಳಿಗ್ಗೆ ಮೈಸೂರು ರಸ್ತೆಯುದ್ದಕ್ಕೂ ಅದನ್ನೇ ಬಿಚ್ಚಿದೆ.

ಮೊದಲನೆಯದು ಜಾರ್ಜ್ ಪೆರಿ. ಅಮೆರಿಕದ ಜಾರ್ಜಿಯಾ ರಾಜ್ಯದ ರೈತರ ಹುಡುಗ. 1932ರ ಜೂನ್ 2ರಂದು ಮಳೆಯಾಗಿ ಹೊಲ ಉಳುವಂತಿರಲಿಲ್ಲವೆಂದು ಗೆಳೆಯನ ಜೊತೆ ಮನೆಯಲ್ಲೇ ಮಾಡಿದ ಪುಟ್ಟ ದೋಣಿಯಲ್ಲಿ ಮಾಂಟ್‌ಗೊಮರಿ ಲೇಕಿಗೆ ಹೋದ. ಇಬ್ಬರ ನಡುವೆ ಇದ್ದದ್ದು ಒಂದೇ ಒಂದು ಹುಸಿಮೀನು. ಸಿಕ್ಕ ಬಾಸ್ ಹತ್ತು ಕೆಜಿಗಿಂತ ಹೆಚ್ಚಿತ್ತು, 22 ಪೌಂಡು 4 ಔನ್ಸು. ಪೇಟೆಯಲ್ಲಿ ತೂಗಿಸಿದ, ಮನೆಗೆ ಒಯ್ದ, ಎಲ್ಲರೂ ಸೇರಿ ತಿಂದರು. ವಿಶ್ವದಾಖಲೆ ಹೊಟ್ಟೆ ಸೇರಿತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಹಿಡಿದ ಮೀನನ್ನು ಬಿಡುವಷ್ಟು ಶ್ರೀಮಂತಿಕೆ ಯಾರಿಗೂ ಇರಲಿಲ್ಲ.

ಎಪ್ಪತ್ತೇಳು ವರ್ಷ ಆ ದಾಖಲೆ ಅಲ್ಲಾಡಲಿಲ್ಲ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬಾತ ಪೆರಿಯ ಮೀನಿಗಿಂತ ಕೂದಲೆಳೆಯಷ್ಟು ಹೆಚ್ಚು ತೂಗುವ ಬಾಸ್ ಹಿಡಿದ. ಆದರೆ ದಾಖಲೆ ಮುರಿಯಬೇಕಾದರೆ 2 ಔನ್ಸಾದರೂ ಹೆಚ್ಚಿರಬೇಕೆಂದು ನಿಯಮ. ಹಾಗಾಗಿ ಇಬ್ಬರನ್ನೂ ಸಮ ಎಂದು ಘೋಷಿಸಿದರು. ಅದಕ್ಕೂ ಮೊದಲು ಕುರಿತಾನಿಗೆ ಸುಳ್ಳುಪತ್ತೆ ಯಂತ್ರ ಜೋಡಿಸಿ ವಿಚಾರಿಸಿದರಂತೆ. ಮೀನು ಹಿಡಿದೆ ಎನ್ನುವವನನ್ನು ಹೀಗೆ ತನಿಖೆ ಮಾಡುವ ಪದ್ಧತಿಯನ್ನು ಎಲ್ಲ ಊರುಗಳಿಗೂ ವಿಸ್ತರಿಸಬೇಕೆಂದು ನನ್ನ ಅಭಿಪ್ರಾಯ. ಅದಿರಲಿ, ಕುರಿತಾನ ಗಾಳದಲ್ಲಿದ್ದದ್ದು ಬಣ್ಣದ ಗೊಂಬೆಯಲ್ಲ, ಜೀವಂತ ಮೀನು.

"ನಿಮ್ಮ ಟೆಕ್ಸಾಸಿನ ದಾಖಲೆಯನ್ನೇ ತಗೊಳ್ಳಿ ಭಾವ," ಅಂದೆ. 1992ರ ಜನವರಿಯಲ್ಲಿ ಅದೇ ಲೇಕ್ ಫೋರ್ಕಿನಲ್ಲಿ ಸಿಕ್ಕ 18.18 ಪೌಂಡಿನ ಬಾಸ್. ಹಿಡಿದವನು ಬಾಸ್ ಹಿಡಿಯಲು ಹೋದವನೇ ಅಲ್ಲ. ಕ್ರಾಪಿ ಎಂಬ ಅಂಗೈಯಗಲದ ಮೀನಿಗೆಂದು ಚೋಟುದ್ದದ ಮರಿಮೀನನ್ನು ಸಿಕ್ಕಿಸಿ ಕೂತಿದ್ದ. ದೊಡ್ಡ ಮೀನು ಬಂದು ಆ ಚಿಲ್ಲರೆಯನ್ನೇ ನುಂಗಿತು. ಭಾವ ಬಿಡದಿಯಿಂದ ಚನ್ನಪಟ್ಟಣದವರೆಗೂ ಮಾತಾಡಲಿಲ್ಲ. ಮದ್ದೂರಿನಲ್ಲಿ ವಡೆ ತಿಂದ ಮೇಲೆ, "ಅವೆಲ್ಲ ಅಪವಾದ ಕಣಯ್ಯಾ" ಅಂದರು. ದಾಖಲೆಗಳೆಲ್ಲ ಅಪವಾದವಾದರೆ ನಿಯಮ ಯಾವ ಕೆರೆಯಲ್ಲಿದೆ ಎಂದು ಕೇಳಬಹುದಿತ್ತು. ವಡೆ ಚೆನ್ನಾಗಿತ್ತು, ಬಿಟ್ಟೆ.

ನಮ್ಮ ಕಾವೇರಿಯ ದೊಡ್ಡ ಮೀನಾದ ಮಹಶೀರ್‌ನ ಕಥೆಯಂತೂ ಭಾವನ ಶಾಸ್ತ್ರಕ್ಕೆ ಇನ್ನೂ ಪ್ರತಿಕೂಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎನ್ನುವ ದೊರೆ 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ 'ದ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಗಾಳದವರು ಈಗಲೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಮಹಶೀರ್‌ಗೆಂದು ಬಿಳಿಯ ದೊರೆಗಳು ಥಳಥಳಿಸುವ ಹಿತ್ತಾಳೆ ಸ್ಪೂನುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ಜೀವ ಬರಿಸುತ್ತಿದ್ದ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಅಂದರೆ 54 ಕೆಜಿ. ಮದುವೆಯಾದಾಗ ಅಕ್ಕ ಅಷ್ಟಿದ್ದಳು. ಈಗಿನ ಲೆಕ್ಕ ಬೇಡ. ಆಮೇಲೆ ಭೀಮೇಶ್ವರಿ, ಗಾಳಿಬೋರೆ ಕ್ಯಾಂಪುಗಳಿಗೆ ಸಮುದ್ರ ದಾಟಿ ಬಂದವರು ಪೆಟ್ಟಿಗೆಗಟ್ಟಲೆ ಬಣ್ಣದ ಮೀನುಗಳನ್ನು ತಂದರು. ಜೊತೆಗಿದ್ದ ನಮ್ಮ ಹಳ್ಳಿಯವರು ಅವನ್ನೆಲ್ಲ ಪಕ್ಕಕ್ಕಿಟ್ಟು ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿ ಕೊಕ್ಕೆಗೆ ಮೆತ್ತಿದರು. ಕಾವೇರಿಯ ದೈತ್ಯಮೀನುಗಳು ಮುದ್ದೆ ನುಂಗಿದವು. ಮಂಡ್ಯ ಸೀಮೆಯ ನೀರು ಕುಡಿದ ಮೀನು ಮತ್ತೇನು ನುಂಗೀತು?

ನಗೆಯ ನಡುವೆ ಒಂದು ಮಾತು. ಕಾವೇರಿಯ ಈ ಗೂನುಬೆನ್ನಿನ ಮಹಶೀರ್ ನೂರೈವತ್ತು ವರ್ಷ ಜಗತ್ತಿನ ಗಾಳದವರ ಬಾಯಲ್ಲಿ ಮೆರೆದರೂ ಅದಕ್ಕೊಂದು ಖಚಿತವಾದ ವೈಜ್ಞಾನಿಕ ಹೆಸರು ಕೂಡಿಬಂದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿದೆ ಎಂಬ ಪಟ್ಟಿಗೂ ಸೇರಿತು. ನಾಮಕರಣವೂ ಐಸಿಯುವೂ ಒಟ್ಟಿಗೆ. ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರ್ ಮರಿಗಳನ್ನು, ಒಳ್ಳೆಯದಾಗಲಿ ಎಂದೇ, ಕಾವೇರಿಗೆ ಬಿಟ್ಟಿದ್ದರು. ಅವು ಹೆಚ್ಚಿದವು, ಗೂನುಬೆನ್ನಿನವು ಕಾಣೆಯಾಗುತ್ತ ಹೋದವು. ಇದು ಗೊತ್ತಾದದ್ದಾದರೂ ಹೇಗೆ? ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಗಾಳದವರು ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟ ಪುಸ್ತಕಗಳಿಂದ. ಸುಳ್ಳಿಗೆ ಹೆಸರಾದ ಜಾತಿಯವರು ಬರೆದಿಟ್ಟದ್ದನ್ನೇ ವಿಜ್ಞಾನಿಗಳು ಸಾಕ್ಷ್ಯವಾಗಿ ತೆಗೆದುಕೊಂಡರು. ಅಮ್ಮನ "ಬಿಡೋದಕ್ಕೆ ಹಿಡಿಯೋದ್ಯಾಕೆ" ಎಂಬ ಪ್ರಶ್ನೆಗೆ ನನಗೆ ಸಿಕ್ಕ ಒಂದೇ ಮರ್ಯಾದೆಯ ಉತ್ತರ ಇದು. ಕಾವೇರಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು ವರ್ಷಗಳೇ ಆದವು. ನಾವು ಹಿನ್ನೀರಿಗೆ, ಅದೂ ಚೀಟಿ ಮಾಡಿಸಿಕೊಂಡು ಹೋದದ್ದು ಅದಕ್ಕೇ.

ಹಿನ್ನೀರಿನಲ್ಲಿ ನಮಗೆ ಸಿಕ್ಕಿದ್ದು ತೆಪ್ಪ. ಬಿದಿರಿನ ಹೆಣಿಗೆ, ಕೆಳಗೆ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಟ್ರೋಲಿಂಗಿಗೆ ದೋಣಿ ನೇರವಾಗಿ ಹೋಗಬೇಕು. ತೆಪ್ಪಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಅಂಬಿಗ ಒಂದು ಅಂಚಿನಲ್ಲಿ ಕೂತು ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಂಡರೆ ಅದೇ ಮುಂದು. ಭಾವ ಮೀನನ್ನು ಬಿಟ್ಟರು. ದಾರ ಹಿಂದಕ್ಕೆ ಓಡಿತು. ರಾಡು ಸಣ್ಣಗೆ ನಡುಗತೊಡಗಿತು. ಕೆಳಗೆ ಟೆಕ್ಸಾಸಿನ ಮೀನು ಬಳುಕುತ್ತಿದೆ ಎಂದು ಅದರ ಅರ್ಥವಂತೆ. ಬಾಳೆಮೀನೋ ಕೊರವವೋ, ಬೇಟೆಯಾಡುವ ಯಾವುದಾದರೂ ಬಂದು ಹೊಡೆಯಬೇಕು. ನಾನು ಕಾಲು ಚಾಚಿ ಕ್ರೀಡೆಯಲ್ಲಿ ಭಾಗವಹಿಸಿದೆ.

ಅಂಬಿಗನಿಗೆ ನಮ್ಮ ಮೇಲೆ ಕನಿಕರ ಬಂದಿರಬೇಕು. ಬೆಂಗಳೂರಿನವರನ್ನು ಕೂರಿಸಿಕೊಂಡ ಮೇಲೆ ಒಂದು ಸುತ್ತು ಗಿರಗಿರನೆ ತಿರುಗಿಸದೆ ಕಳಿಸುವುದು ಅವರ ಮರ್ಯಾದೆಗೆ ಕಡಿಮೆ. ಹೇಳದೆ ಕೇಳದೆ ಹುಟ್ಟನ್ನು ಅಡ್ಡ ಹಾಕಿ ತೆಪ್ಪ ತಿರುಗಿಸಿಯೇ ಬಿಟ್ಟ. ನಲವತ್ತು ಮೀಟರ್ ನೈಲಾನ್ ದಾರ ಮೊದಲು ಭಾವನನ್ನು, ಆಮೇಲೆ ನನ್ನನ್ನು, ಕೊನೆಗೆ ಊಟದ ಬುತ್ತಿಯನ್ನು ಸುತ್ತಿತು. "ನಿಲ್ಸಪ್ಪಾ!" ಅಂತ ಭಾವ ಕೂಗಿದರೆ ಅವನು ಇನ್ನೂ ಬೇಕು ಅಂತ ತಿಳಿದ. ಬಿಡಿಸಿಕೊಳ್ಳುವಾಗ ಅಂಬಿಗ ಮೀನನ್ನು ಮೇಲೆತ್ತಿ ತಿರುಗಿಸಿ ನೋಡಿದ. "ಇಂಥಾದ್ನ ನುಂಗೋ ಮೀನು ಇಲ್ಲಿದ್ದಿದ್ರೆ, ಸ್ವಾಮೀ, ನಾನು ಈ ತೆಪ್ಪದಾಗೆ ಇಳೀತಿದ್ನಾ?"

ಮಧ್ಯಾಹ್ನ ಕಳೆದ ಮೇಲೆ ರಾಡು ಬಾಗಿತು. ಸುಮ್ಮನೆ ಬಾಗಿದ್ದಲ್ಲ, ಬಿಲ್ಲಾಯಿತು. ಭಾವ ಎದ್ದು ನಿಂತರು, ತೆಪ್ಪದಲ್ಲಿ ಎದ್ದು ನಿಲ್ಲಬಾರದೆಂದು ಅಂಬಿಗ ಕೂಗಿದ, ಕೂತರು. ರೀಲು ಕಿರುಚಿತು. ಭಾರ ನಿಧಾನವಾಗಿ, ಹಟ ಮಾಡದೆ, ಬಂತು. ಬಂದದ್ದು ಬಲೆ. ಅಂಬಿಗನ ದಾಯಾದಿಯೊಬ್ಬ ರಾತ್ರಿ ಬಿಟ್ಟುಹೋಗಿದ್ದ ಬಲೆಗೆ ಆ ಒಂಬತ್ತು ಮೊನೆಗಳೂ ಕಚ್ಚಿಕೊಂಡಿದ್ದವು. ದಾಯಾದಿ ಇನ್ನೊಂದು ತೆಪ್ಪದಲ್ಲಿ ಆಗಲೇ ಹುಟ್ಟು ಹಾಕುತ್ತ ಬರುತ್ತಿದ್ದ. ಅವನ ಮುಖದಲ್ಲಿ ಸ್ಪೋರ್ಟು ಕಾಣಲಿಲ್ಲ.

ಬಲೆಯ ಹರಿದ ಕಣ್ಣುಗಳಿಗೆ ಭಾವ ದುಡ್ಡು ಕೊಟ್ಟರು. ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸುವಷ್ಟರಲ್ಲಿ ದಾಯಾದಿಗೂ ಸಿಟ್ಟಿಳಿದು, ಬಲೆಯಲ್ಲಿ ಸಿಕ್ಕಿಬಿದ್ದಿದ್ದ ಜಿಲೇಬಿ ಮೀನುಗಳಲ್ಲಿ ಒಂದನ್ನು ಎತ್ತಿ ಭಾವನ ಕೈಗೆ ಕೊಟ್ಟ. "ಅಷ್ಟು ದೂರದಿಂದ ಬಂದಿದ್ದೀರಿ, ಫೋಟ ಹೊಡಸ್ಕಳಿ." ಭಾವ ಗಾಳದವರ ಸಂಪ್ರದಾಯದಂತೆ ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಜಿಲೇಬಿಯನ್ನು ಕ್ಯಾಮೆರಾಕ್ಕೆ ಹಿಡಿದರು, ಇನ್ನೊಂದು ಕೈಯಲ್ಲಿ ಟ್ರೌಟ್ ಬಣ್ಣದ ಮೀನು. ಯಾವ ಕೋನದಿಂದ ತೆಗೆದರೂ ಬಣ್ಣದ್ದೇ ದೊಡ್ಡದಾಗಿ ಕಾಣುತ್ತಿತ್ತು.

"ಪರವಾಗಿಲ್ಲ, ಕಳ್ಸಯ್ಯಾ" ಅಂದರು. ಡಲ್ಲಾಸಿನ ಗಾಳದ ಗೆಳೆಯರ ಗುಂಪಿಗೆ ಕಳಿಸಿದೆ. ಅಲ್ಲಿ ಇನ್ನೂ ಬೆಳಗಿನ ಜಾವ, ಅಂದರೆ ಅವರೆಲ್ಲ ಎದ್ದು ದೋಣಿ ಸಜ್ಜು ಮಾಡುವ ಹೊತ್ತು. ನಾವು ದಡ ಮುಟ್ಟುವ ಮೊದಲೇ ಉತ್ತರ ಬಂತು: "ಅಭಿನಂದನೆ! ಎರಡರಲ್ಲಿ ದೊಡ್ಡದನ್ನ ನೀರಿಗೆ ಬಿಟ್ಟಿರಿ ತಾನೇ?"