ಕೆಂಪಂಗಿಯ ನಿಷ್ಠಾವಂತರು

ಮಂಗಳೂರಿನ ಕುದ್ರೋಳಿಯಲ್ಲಿ ನಿಷ್ಠಾವಂತರಿಗೆ ಬರವಿಲ್ಲ. ಶನಿವಾರ ರಾತ್ರಿ ಬಂದು ನೋಡಿ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ ಕೆಂಪಂಗಿ. ಎದೆಯ ಮೇಲೆ ಸ್ನ್ಯಾಪ್‌ಡ್ರ್ಯಾಗನ್ ಅಂತ ಯಾವುದೋ ಚಿಪ್ಪಿನ ಹೆಸರು, ಅದರಲ್ಲೂ ಒಂದಕ್ಷರ ಕಡಿಮೆ. ಮ್ಯಾಂಚೆಸ್ಟರ್ ಯುನೈಟೆಡ್ ಸೋತ ರಾತ್ರಿ ಇವರು ಊಟ ಮಾಡುವುದಿಲ್ಲ. ಹಾಗಾಗಿ ಈಚಿನ ವರ್ಷಗಳಲ್ಲಿ ಹಲವರು ಸೊರಗಿದ್ದಾರೆ.

ಇವರ ಮುಂದೆ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ಹೇಳಿ ನೋಡಿ. ಮುಖ ಹುಳಿಯಾಗುತ್ತದೆ. ‘ಅವರಾ? ದ್ರೋಹಿಗಳು ಮಾರಾಯ್ರೆ. ಕ್ಲಬ್ಬು ಬಿಟ್ಟು ಓಡಿದವರು.’

ಓಡಿದ್ದು ಯಾಕೆ ಅಂತ ಕೇಳಬೇಡಿ. ಗೊತ್ತಿಲ್ಲ. ಆಟಗಾರರ ವರ್ಗಾವಣೆಯ ಗಾಳಿಸುದ್ದಿ ನಿಮಿಷಕ್ಕೊಂದು ಗೊತ್ತು, ಇದು ಗೊತ್ತಿಲ್ಲ.

2005ರಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡ. ಕೊಂಡದ್ದು ಹೆಚ್ಚಿನಂಶ ಸಾಲದ ದುಡ್ಡಿನಲ್ಲಿ. ಆ ಸಾಲದ ಬಹುಪಾಲು ಕಟ್ಟಿದ್ದು ಕ್ಲಬ್ಬಿನ ಕೊರಳಿಗೆ. ಅಲ್ಲಿಯವರೆಗೆ ನಯಾಪೈಸೆ ಸಾಲವಿಲ್ಲದೆ ಮೆರೆದ ಕ್ಲಬ್ಬು, ತನ್ನನ್ನು ಕೊಂಡವನ ಬಡ್ಡಿ ತಾನೇ ಕಟ್ಟತೊಡಗಿತು. ಕೆಲವು ಅಭಿಮಾನಿಗಳು ಸಾಕಪ್ಪಾ ಅಂದರು. ಅದೇ ಬೇಸಿಗೆಯಲ್ಲಿ ತಮ್ಮದೇ ಕ್ಲಬ್ಬು, ಈ ಎಫ್‌ಸಿ ಯುನೈಟೆಡ್, ಕಟ್ಟಿದರು. ಒಬ್ಬ ಸದಸ್ಯ, ಒಂದು ಮತ. ಅಂಗಿಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಇಂಗ್ಲೆಂಡಿನ ಹತ್ತನೆಯ ದರ್ಜೆಯಿಂದ, ಅಂದರೆ ಪಾತಾಳದಿಂದ, ಆಟ ಶುರು. 2015ರಲ್ಲಿ ಮೋಸ್ಟನ್ ಎಂಬಲ್ಲಿ ಸ್ವಂತ ಮೈದಾನವೂ ಆಯಿತು. ಅದಕ್ಕೆ ಸುಮಾರು 20 ಲಕ್ಷ ಪೌಂಡ್ ಷೇರು ಹಣ ಕೂಡಿಸಿಕೊಟ್ಟದ್ದು ಜನ.

ಹೋದವರು ಮಾಲೀಕನನ್ನು ಬಿಟ್ಟರು. ಕೆಂಪು ಬಣ್ಣ ಬಿಡಲಿಲ್ಲ. ಹಳೆಯ ಹಾಡು ಬಿಡಲಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಮೇಲಿನ ಹೊಟ್ಟೆಕಿಚ್ಚನ್ನೂ ಬಿಡಲಿಲ್ಲ.

ಇನ್ನು ಉಳಿದ ನಿಷ್ಠಾವಂತರ ಕತೆ. 2010ರಲ್ಲಿ ಅವರೂ ಬಂಡೆದ್ದರು. ಕ್ಲಬ್ಬಿನ ಹುಟ್ಟಿನ ಕಾಲದ ಹಸಿರು, ಹಳದಿ ಬಣ್ಣದ ಸ್ಕಾರ್ಫ್ ಸುತ್ತಿಕೊಂಡು ಗ್ಲೇಜರ್ ತೊಲಗಲಿ ಎಂದು ಕೂಗಿದರು. ಎದುರಾಳಿ ತಂಡದಲ್ಲಿ ಆಡಲು ಬಂದಿದ್ದ ಹಳೆಯ ಆಟಗಾರ ಬೆಕಮ್ ಕೂಡ ಅದನ್ನು ಕುತ್ತಿಗೆಗೆ ಹಾಕಿಕೊಂಡ. ಫೋಟೊ ಚೆನ್ನಾಗಿ ಬಂತು. ಕೂಗಿದ್ದು ಎಲ್ಲಿ? ಸ್ಟೇಡಿಯಮ್ಮಿನ ಒಳಗೆ. ಒಳಗೆ ಹೋದದ್ದು ಹೇಗೆ? ಟಿಕೆಟ್ ಕೊಂಡು. ದುಡ್ಡು ಯಾರಿಗೆ? ಗ್ಲೇಜರ್‌ಗೆ. ತನ್ನನ್ನು ಬೈಯುವುದಕ್ಕೂ ಟಿಕೆಟ್ ಮಾರಿದ ಮನುಷ್ಯನಿಗೆ ಒಂದು ಸಲಾಮು ಸಲ್ಲಬೇಕು.

2024ರಲ್ಲಿ ಜಿಮ್ ರ‍್ಯಾಟ್‌ಕ್ಲಿಫ್ ಎಂಬ ಉದ್ಯಮಿ ಕ್ಲಬ್ಬಿನ ಕಾಲುಭಾಗದ ಮಾಲೀಕನಾಗಿ ಬಂದ. ಉದ್ಧಾರಕ ಬಂದ ಎಂದು ಕುಣಿದರು. ಉದ್ಧಾರಕ ಮೊದಲು ಇನ್ನೂರೈವತ್ತರಷ್ಟು ನೌಕರರನ್ನು ಮನೆಗೆ ಕಳಿಸಿದ. ಆ ವರ್ಷದ ಕೊನೆಗೆ ಉಳಿದ ಟಿಕೆಟಿಗೆಲ್ಲ 66 ಪೌಂಡ್ ಎಂದ. ಮಕ್ಕಳಿಗೂ ರಿಯಾಯಿತಿ ಇಲ್ಲ, ಮುದುಕರಿಗೂ ಇಲ್ಲ. ನಮ್ಮ ಆಗಿನ ಲೆಕ್ಕದಲ್ಲಿ ಸುಮಾರು ಏಳು ಸಾವಿರ ರೂಪಾಯಿ. ಮರುವರ್ಷ ಸಿಬ್ಬಂದಿಯ ಬಿಟ್ಟಿ ಊಟ ಬಂದ್. ಬದಲಿಗೆ ಹಣ್ಣು. ‘ಕ್ಲಬ್ಬಿನ ಒಳ್ಳೆಯದಕ್ಕೇ ಅಲ್ವಾ?’ ಎಂದರು ನಮ್ಮ ಕುದ್ರೋಳಿಯ ಪಂಡಿತರು. ತಮ್ಮ ಆಫೀಸಿನಲ್ಲಿ ನಾಲ್ಕು ಗಂಟೆಯ ಚಾ ನಿಂತರೆ ಮ್ಯಾನೇಜರನಿಗೆ ಘೇರಾವ್ ಹಾಕುವ ಜನ ಇವರು.

ದ್ರೋಹದ ವಿಚಾರದಲ್ಲಿ ನಮ್ಮ ಮೂಗು ಯಾವಾಗ ಇಷ್ಟು ಚುರುಕಾಯಿತು? 2019ರಲ್ಲಿ ಕರ್ನಾಟಕದ ಹದಿನೇಳು ಶಾಸಕರು ಗೆದ್ದ ಪಕ್ಷಕ್ಕೆ ಕೈಕೊಟ್ಟರು, ಹಲವರು ಮುಂಬೈಯ ಹೋಟೆಲಿನಲ್ಲಿ ಕೂತರು. ಉಪಚುನಾವಣೆ ಬಂತು. ನಿಂತವರಲ್ಲಿ ಹೆಚ್ಚಿನವರನ್ನು ಜನ ಗೆಲ್ಲಿಸಿಯೇ ಬಿಟ್ಟರು. ಹತ್ತು ಮಂದಿ ಮಂತ್ರಿಗಳಾದರು. ಹಾರದ ಭಾರಕ್ಕೆ ಕತ್ತು ಬಾಗಿತ್ತು. ಅದು ರಾಜಕೀಯ ಅಂತೆ. ಕೈಯಿಂದ ದುಡ್ಡು ಹಾಕಿ ಹತ್ತನೆಯ ದರ್ಜೆಯ ತಂಡ ಕಟ್ಟಿದವರದು ಮಾತ್ರ ದ್ರೋಹ.

ಬೇರೆ ಊರಿನವರು ಈ ಮಾತಾಡಿದರೆ ಬಿಟ್ಟುಬಿಡಬಹುದು. ಕುದ್ರೋಳಿಯವರು ಆಡಿದರೆ ಮೈ ಉರಿಯುತ್ತದೆ.

ಈ ಊರಿಗೆ ಹೆಸರು ಬಂದದ್ದೇ ಹೇಗೆ? ನೂರು ಚಿಲ್ಲರೆ ವರ್ಷದ ಹಿಂದೆ ಬಿಲ್ಲವರಿಗೆ ದೇವಸ್ಥಾನದ ಒಳಗೆ ಪ್ರವೇಶ ಇರಲಿಲ್ಲ. ಹೊರಗೇ ನಿಂತು ಕೈಮುಗಿಯಬಹುದಿತ್ತು. ನಿಷ್ಠೆ ಅಂದರೆ ಅದೇ ತಾನೆ? ಅವರು ನಿಲ್ಲಲಿಲ್ಲ. ಹೊಯಿಗೆಬಜಾರಿನ ಕೊರಗಪ್ಪನವರು ಮುಂದಾದರು, ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಇಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಆಯಿತು. ಬಾಗಿಲು ಹಾಕಿದ ದೇವಸ್ಥಾನಗಳ ಎದುರು ಇವರದೇ ಬಾಗಿಲು ತೆರೆಯಿತು. ಇವತ್ತು ದಸರಾ ನೋಡಲು ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ.

ಜಾತಿಯ ಬಾಗಿಲನ್ನೂ ಟಿಕೆಟಿನ ಬಾಗಿಲನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಅಷ್ಟು ತಲೆ ಕೆಟ್ಟಿಲ್ಲ. ಆದರೆ ಹೊರಗೆ ನಡೆದು ತಮ್ಮದೇ ಕಟ್ಟಿಕೊಂಡವರ ನೆರಳಲ್ಲಿ ಕೂತು, ಹೊರಗೆ ನಡೆದವರನ್ನು ದ್ರೋಹಿ ಅನ್ನುವುದಕ್ಕೆ ಗಟ್ಟಿ ನಾಲಿಗೆ ಬೇಕು.

ಒಬ್ಬನಿಗೆ ಒಂದು ಮತ ಎಂದರೆ ಇವರಿಗೆ ನಗು. ‘ಹಾಗೆಲ್ಲ ಕ್ಲಬ್ಬು ನಡೀತದಾ?’ ಅಲ್ಲ ಸ್ವಾಮಿ, 1973ರಿಂದ ಇದೇ ಮಂಗಳೂರಿನಲ್ಲಿ ಕ್ಯಾಂಪ್ಕೊ ಉಂಟು. ಅಡಿಕೆ ಬೆಳೆದವರದೇ ಸಹಕಾರಿ ಸಂಸ್ಥೆ. ಚಾಕೊಲೇಟನ್ನೂ ಮಾಡುತ್ತದೆ. ಅಡಿಕೆಗೆ ನಡೆಯುವುದು ಚೆಂಡಿಗೆ ಯಾಕೆ ನಡೆಯಬಾರದು? ಎಫ್‌ಸಿ ಯುನೈಟೆಡ್‌ನಲ್ಲೂ 2016ರಲ್ಲಿ ಜಗಳವಾಯಿತು, ಆಡಳಿತ ಮಂಡಳಿಯ ಹಲವರು ರಾಜೀನಾಮೆ ಕೊಟ್ಟರು. ಆಗಲಿ. ಯಾವ ಸೊಸೈಟಿಯ ಮಹಾಸಭೆಯಲ್ಲಿ ಕುರ್ಚಿ ಹಾರಿಲ್ಲ? ಗ್ಲೇಜರ್‌ಗಳ ಮನೆಯಲ್ಲಿ ಗಲಾಟೆ ಇಲ್ಲ, ನಿಜ. ಅಲ್ಲಿ ನಿಮ್ಮನ್ನು ಯಾರೂ ಸಭೆಗೆ ಕರೆಯುವುದಿಲ್ಲ.

ನಮ್ಮ ದೇಶದ ಶೂರರನ್ನೂ ನೋಡಿದೆವು. 2020ರಲ್ಲಿ ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿನ ಮುಂದೆ ಮಾಲೀಕನ ಹಳೆಯ ತಂಡದ ಹೆಸರು ಎಟಿಕೆ ಅಂಟಿಸಿದರು. ಕೋಲ್ಕತ್ತದ ಅಭಿಮಾನಿಗಳು ಮೂರು ವರ್ಷ ಬೊಬ್ಬೆ ಹೊಡೆದರು. 2023ರಲ್ಲಿ ಮಾಲೀಕ ಮಣಿದ. ಎಟಿಕೆ ಹೋಯಿತು, ಹಿಂದೆ ಸೂಪರ್ ಜೈಂಟ್ ಬಂತು. ಅದೂ ಅದೇ ಮಾಲೀಕನ ಲಖನೌ ಕ್ರಿಕೆಟ್ ತಂಡದ ಹೆಸರು. ಮುಂದಿನ ಬಾಲ ಹಿಂದಕ್ಕೆ ಬಂತು. ಅಭಿಮಾನಿಗಳು ಪಟಾಕಿ ಹೊಡೆದರು.

ನಮ್ಮ ರಾಜ್ಯದ್ದು ಹೇಳಬೇಕೆ? 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದೇವೆ ಎಂದು ಪ್ರಕಟಿಸಿತು. ಲೀಗು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ಹೊತ್ತು. ಕುದ್ರೋಳಿಯಲ್ಲಿ ಆ ವಾರ ಚರ್ಚೆ ಜೋರಿತ್ತು. ಮ್ಯಾಂಚೆಸ್ಟರಿನ ಹೊಸ ಸ್ಟ್ರೈಕರ್ ಯಾವ ಕಾಲಲ್ಲಿ ಚೆನ್ನಾಗಿ ಹೊಡೆಯುತ್ತಾನೆ ಅಂತ.

ನೆಹರೂ ಮೈದಾನ ಇಲ್ಲಿಂದ ನಡೆದು ಹೋಗುವ ದೂರ. ಸಂಜೆ ಮ್ಯಾಚು ಇರುತ್ತದೆ. ಬೆಂಗ್ರೆಯ ಹುಡುಗರು ಬೂಟನ್ನು ಲೇಸಿನಿಂದ ಹೆಗಲಿಗೆ ನೇತುಹಾಕಿ ದೋಣಿಯಲ್ಲಿ ಹೊಳೆ ದಾಟಿ ಬರುತ್ತಾರೆ. ಒಂದು ಜೊತೆ ಬೂಟನ್ನು ಇಬ್ಬರು ಸರದಿಯಲ್ಲಿ ಹಾಕಿಕೊಂಡದ್ದನ್ನೂ ನೋಡಿದ್ದೇನೆ. ಟಿಕೆಟ್ ಇಲ್ಲ. ನಿಷ್ಠಾವಂತರೂ ಇಲ್ಲ. ‘ಸ್ಟ್ಯಾಂಡರ್ಡ್ ಇಲ್ಲ ಮಾರಾಯ್ರೆ’ ಎಂಬುದು ಅವರ ತೀರ್ಪು.

ಊರಿನ ಹುಡುಗರ ಒಂದು ತಂಡಕ್ಕೆ ಗೋಲಿನ ಬಲೆ ಹರಿದಿತ್ತು. ತಲೆಗೆ ನೂರು ರೂಪಾಯಿ ಹಾಕಿ ಸದಸ್ಯರಾಗಿ, ತಂಡ ನಿಮ್ಮದೇ ಆಗಲಿ ಎಂದು ಕೆಂಪಂಗಿಯವರನ್ನು ಕೇಳಿದರು. ಎಲ್ಲರೂ ಕಳಕಳಿಯಿಂದ ಸಲಹೆ ಕೊಟ್ಟರು.

‘ಯಾವುದಾದರೂ ದೊಡ್ಡ ಕಂಪನಿ ಹಿಡೀರಿ. ಮಾಲೀಕ ಅಂತ ಒಬ್ಬ ಬೇಕು.’