ಸ್ವಂತ ಪತ್ರಿಕೆಯ ದಿಕ್ಕು ನಿರ್ಧರಿಸಲು ಕುಳಿತ ಸಂಪಾದಕರಿಗೆ ಬಹಿರಂಗ ಅರಿಕೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯಲ್ಲಿ ಸ್ವಂತ ಖರ್ಚಿನಿಂದ ಪತ್ರಿಕೆ ಹೊರಡಿಸುವ ಸಮಸ್ತ ಸಂಪಾದಕ ಮಹನೀಯರ ಸನ್ನಿಧಿಗೆ ಓದುಗ ವರ್ಗದ ಸವಿನಯ ಅರಿಕೆ.

ಏಕವ್ಯಕ್ತಿ ಪತ್ರಿಕೆ ಎಂದರೆ ಸಂಪಾದಕ, ಪ್ರಕಾಶಕ, ವರದಿಗಾರ, ಕರಡು ತಿದ್ದುವವ, ವಿಳಾಸದ ಚೀಟಿ ಅಂಟಿಸುವವ ಇವರೆಲ್ಲರೂ ಒಂದೇ ದೇಹದಲ್ಲಿ ವಾಸಿಸುವ, ಹಲವು ಸಲ ಓದುಗನೂ ಅಲ್ಲಿಯೇ ತಂಗಿರುವ ಪ್ರಕಟಣೆ. ಇದಕ್ಕೆ ಶಾಸನಬದ್ಧ ಸಾಕ್ಷ್ಯವೂ ಉಂಟು. ಪತ್ರಿಕೆಗಳ ನೋಂದಣಿಯ 1956ರ ಕೇಂದ್ರ ನಿಯಮಗಳಂತೆ ಪ್ರತಿ ವರ್ಷ ಫೆಬ್ರುವರಿ ಮುಗಿದ ಬಳಿಕದ ಮೊದಲ ಸಂಚಿಕೆಯಲ್ಲಿ ಅಚ್ಚಾಗಬೇಕಿದ್ದ ‘ನಮೂನೆ 4’ ಎಂಬ ಒಡೆತನದ ಹೇಳಿಕೆಯು ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಅವರು ಭಾರತೀಯರೇ, ಅವರ ವಿಳಾಸವೇನು ಎಂದು ಬೇರೆ ಬೇರೆಯಾಗಿ ಕೇಳುತ್ತಿತ್ತು. ಅಲ್ಲಿ ಒಬ್ಬರೇ ಮಹನೀಯರು ಮೂರು ಸಲ ಭಾರತೀಯರಾಗಿ, ನಾಲ್ಕನೆಯ ಸಲ ಮಾಲೀಕರಾಗಿ, ಕೊನೆಗೆ ಈ ವಿವರಗಳೆಲ್ಲ ತಮಗೆ ತಿಳಿದಮಟ್ಟಿಗೆ ನಿಜವೆಂದು ತಮ್ಮ ಬಗ್ಗೆ ತಾವೇ ಸಹಿ ಹಾಕುತ್ತಿದ್ದರು.

ಇಂಥ ಪತ್ರಿಕೆಯ ಮುಂದಿನ ದಿಕ್ಕು ಯಾವುದೆಂಬ ಗಂಭೀರ ಪ್ರಶ್ನೆ ಈಗ ಸಂಪಾದಕ ಮಂಡಳಿಯ, ಅಂದರೆ ಆ ಒಬ್ಬರೇ ಮಹನೀಯರ, ಮುಂದಿದೆ. ಸಭೆಗೆ ಕೋರಂ ಕೊರತೆಯಿಲ್ಲ, ಆದರೂ ಒಮ್ಮತ ಮೂಡಿಲ್ಲ. ಪತ್ರಿಕೆ ಸಾಹಿತ್ಯದ್ದಾಗಬೇಕೋ ಸುದ್ದಿಯದಾಗಬೇಕೋ ಅಧ್ಯಾತ್ಮದ್ದಾಗಬೇಕೋ, ಮಾಸಿಕವಾಗಿ ಉಳಿಯಬೇಕೋ ಅನಿಯತಕಾಲಿಕ, ಅಂದರೆ ಹಣ ಕೂಡಿದಾಗ ಹೊರಬರುವ ಪತ್ರಿಕೆ, ಆಗಬೇಕೋ ಎಂಬ ಚರ್ಚೆಯೇ ಸಂಪಾದಕೀಯವಾಗಿ, ಆ ಸಂಪಾದಕೀಯದ ಮುಂದುವರಿಕೆಯೇ ಮುಂದಿನ ಸಂಚಿಕೆಯಾಗಿ ಬೆಳೆಯುತ್ತಿದೆ. ಅಣ್ಣಿಗೇರಿಯೊಂದಿಗೆ ಹೆಸರು ಬೆಸೆದುಕೊಂಡ ಪಂಪನ ಮುಂದೆಯೂ ಎರಡು ದಾರಿಗಳಿದ್ದವು: ಒಂದು ಆಗಮಿಕ, ಅಂದರೆ ಜೈನಧರ್ಮದ ಶಾಸ್ತ್ರವನ್ನು ಆಧರಿಸಿದ್ದು, ಇನ್ನೊಂದು ಲೌಕಿಕ, ಅಂದರೆ ಈ ಲೋಕದ ರಾಜರ, ಯುದ್ಧಗಳ, ಮನುಷ್ಯರ ಕಥೆ. ಆತ ದಿಕ್ಕಿನ ಕುರಿತು ಪ್ರಕಟಣೆ ಹೊರಡಿಸದೆ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಬರೆದು ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. ಒಂಬತ್ತು ತಿಂಗಳಲ್ಲಿ ಆದಿಕವಿಯ ಎರಡು ಮಹಾಕಾವ್ಯಗಳು ಮುಗಿದರೆ, ಅಷ್ಟೇ ಅವಧಿಯಲ್ಲಿ ಇಂದಿನ ಮಹನೀಯರು ಮುಖಪುಟದ ಶೀರ್ಷಿಕೆಯ ಅಕ್ಷರವಿನ್ಯಾಸವನ್ನು ಬದಲಿಸಿದ್ದಾರೆ. ಇದನ್ನು ಪ್ರಗತಿ ಅಲ್ಲವೆನ್ನಲು ಓದುಗ ವರ್ಗಕ್ಕೆ ಧೈರ್ಯವಿಲ್ಲ.

ದಿಕ್ಕು ಬದಲಿಸಿದ ಪತ್ರಿಕೆಗಳಿಗೆ ಕನ್ನಡದಲ್ಲಿ ಬರವಿಲ್ಲ. 1843ರ ಜುಲೈ 1ರಂದು ಮಿಷನರಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ದಿಕ್ಕಿನ ಜೊತೆ ಊರನ್ನೂ ಹೆಸರನ್ನೂ ಬದಲಿಸಿತು. ಧಾರವಾಡದ್ದೇ ಉದಾಹರಣೆ ಬೇಕೆಂದರೆ 1964ರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಈ ಮೂವರು ಸೇರಿ ಆರಂಭಿಸಿದ ‘ಸಂಕ್ರಮಣ’ವಿದೆ. ವ್ಯಕ್ತಿಯ ಒಳಗಿನ ತಳಮಳಕ್ಕೆ ಹೆಚ್ಚು ಬೆಲೆ ಕೊಟ್ಟ ನವ್ಯ ಪಂಥದ ಗಾಳಿಯಲ್ಲಿ ಹುಟ್ಟಿದ ಆ ಪತ್ರಿಕೆ, ಮುಂದೆ ಚಂಪಾ ಒಬ್ಬರ ಕೈಗೆ ಬಂದು, ಸಾಹಿತ್ಯವು ಸಮಾಜದ ಅನ್ಯಾಯವನ್ನು ಎದುರಿಸಬೇಕೆಂಬ ಬಂಡಾಯದ ಕಡೆಗೆ ಹೊರಳಿತು. ಆ ಹೊರಳುವಿಕೆಗೆ ಸಂಪಾದಕರ ಕೋಣೆಯ ಚಿಂತನ ಕಾರಣವಾಗಿರಲಿಲ್ಲ. ನಡುವೆ ತುರ್ತುಪರಿಸ್ಥಿತಿ ಬಂದಿತ್ತು, ಚಂಪಾ ಜೈಲು ಕಂಡಿದ್ದರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತ್ತು. ದಿಕ್ಕು ಹೊರಗಿನಿಂದ ಬಂದು ಬಾಗಿಲು ತಟ್ಟಿತ್ತು.

ಇಂದಿನ ಮಹನೀಯರ ಬಾಗಿಲನ್ನು ತಟ್ಟುವವರು ಬೇರೆ. ಮುಖಪುಟದ ಮುಕ್ಕಾಲು ಭಾಗದಲ್ಲಿ ಕೈಮುಗಿದ ಮುಖಂಡರೊಬ್ಬರು, ಅವರ ಕೆಳಗೆ ಅಂಚೆಚೀಟಿ ಗಾತ್ರದಲ್ಲಿ ಸಾಲುಸಾಲು ಅಭಿಮಾನಿಗಳು, ಅದರ ಕೆಳಗೆ ‘ಶುಭ ಕೋರುವವರು’ ಎಂಬ ಒಕ್ಕಣೆ, ಉಳಿದ ಬೆರಳಗಲ ಜಾಗದಲ್ಲಿ ‘ನೇರ ನುಡಿ, ನಿರ್ಭೀತ ನಡೆ’ ಎಂಬ ಧ್ಯೇಯವಾಕ್ಯ. “ಅಣ್ಣಾರ ಫೋಟೋ ಇನ್ನೊಂದೀಟು ದೊಡ್ಡದ ಹಾಕ್ರಿ, ಸುದ್ದಿ ಮುಂದಿನ ವಾರ ನೋಡೂಣಂತ” ಎಂದು ಜಾಹೀರಾತುದಾರರು ಒಂದೇ ಮಾತಿನಲ್ಲಿ ಇತ್ಯರ್ಥಪಡಿಸುವ ಪ್ರಶ್ನೆಗೆ ಮಹನೀಯರು ಇಷ್ಟೊಂದು ಸಂಪಾದಕೀಯಗಳನ್ನು ಏಕೆ ವ್ಯಯಿಸುತ್ತಾರೆಂಬುದು ಪತ್ರಿಕೋದ್ಯಮದ ವಿದ್ಯಾರ್ಥಿಗಳು ಪ್ರಬಂಧ ಬರೆಯಬಹುದಾದ ವಿಷಯ.

ವಿಷಯಗಳ ಅಭಾವವಿದೆ ಎಂಬ ಮಾತೂ ಆಗಾಗ ಅಚ್ಚಾಗುತ್ತದೆ. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ತಲುಪುವ ಮೊದಲೇ ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ವಿಧಿಸಿದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದು, 1980ರ ಜುಲೈ 21ರಂದು ಗೋಲಿಬಾರಿಗೆ ಜೀವ ತೆತ್ತ ನವಲಗುಂದದಲ್ಲಿ ಕುಳಿತು ವಿಷಯವಿಲ್ಲವೆನ್ನಲು ವಿಶೇಷ ಸಾಧನೆ ಬೇಕು. ಪ್ರತಿ ವರ್ಷ ಆ ದಿನದ ಮಾಲಾರ್ಪಣೆಯ ಫೋಟೋ ತಪ್ಪದೆ ಬರುತ್ತದೆ; ಕಾಲುವೆಯ ಕೊನೆಯ ಊರಿಗೆ ಈ ಸಲ ನೀರು ಬಂದಿತೇ ಎಂಬ ಒಂದು ಸಾಲು ಬರುವುದಿಲ್ಲ. ಅದೇ ಊರಿನಲ್ಲಿ ನಿಲುವು ಮಗ್ಗದ ಮುಂದೆ ಕುಳಿತು ಹತ್ತಿ ನೂಲನ್ನು ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಬಡಿದು ಜಮಖಾನ ನೇಯುವ ಹೆಣ್ಣುಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ಆ ಜಮಖಾನಕ್ಕೆ ಭೌಗೋಳಿಕ ಸೂಚಕ, ಅಂದರೆ ಇಂಥ ಊರಿನ ಸರಕೆಂಬ ಕಾನೂನಿನ ಗುರುತು, ಸಿಕ್ಕಿದ್ದರೂ ನೇಯುವವರ ದಿನಗೂಲಿ ಎಷ್ಟೆಂದು ಮಹನೀಯರು ಬರೆದುದನ್ನು ಯಾರೂ ಕಂಡಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು, ಗಾಯಕ ಸವಾಯಿ ಗಂಧರ್ವರ ಕುಂದಗೋಳ, ಎರಿ ಹೊಲದ ಹೆಸರುಕಾಳು, ಮೆಣಸಿನಕಾಯಿ ಪೇಟೆಯ ದರ ಇವೆಲ್ಲ ದಿಕ್ಕು ನಿರ್ಧಾರವಾಗುವವರೆಗೆ ಸಾಲಿನಲ್ಲಿ ಕಾಯಬೇಕಾಗಿದೆ.

ಇನ್ನು ಕಾನೂನಿನ ಮಾತು: ಪತ್ರಿಕೆಗಳ ನೋಂದಣಿಯ 1867ರ ಕಾಯ್ದೆಯಲ್ಲಿ ಪತ್ರಿಕೆಯ ಪ್ರಕಟಣೆ 12 ತಿಂಗಳಿಗೂ ಮೀರಿ ನಿಂತರೆ ಅದರ ಘೋಷಣೆ, ಅಂದರೆ ಮ್ಯಾಜಿಸ್ಟ್ರೇಟರ ಮುಂದೆ ಸಲ್ಲಿಸಿದ ಅಧಿಕೃತ ಹೇಳಿಕೆ, ತಾನಾಗಿ ರದ್ದಾಗುತ್ತಿತ್ತು. ಆ ಕಾಯ್ದೆಯ ಜಾಗದಲ್ಲಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ದಿಕ್ಕಿನ ಬಗ್ಗೆ ಹಳೆಯದೂ ಕೇಳಿರಲಿಲ್ಲ, ಹೊಸದೂ ಕೇಳುವುದಿಲ್ಲ. ಆದ್ದರಿಂದ ಮಹನೀಯರು ಮುಂದಿನ ಸಂಚಿಕೆಯ ಸಂಪಾದಕೀಯವನ್ನು ಖಾಲಿ ಬಿಟ್ಟು, ಆ ಜಾಗದಲ್ಲಿ ಕಾಲುವೆಗೆ ನೀರು ಬಿಟ್ಟ ತಾರೀಖನ್ನೂ ಅದು ಕೊನೆಯ ಹೊಲ ಮುಟ್ಟಿದ ತಾರೀಖನ್ನೂ ಅಚ್ಚು ಹಾಕಬೇಕೆಂದು, ಮುಟ್ಟದಿದ್ದರೆ ಮುಟ್ಟಲಿಲ್ಲವೆಂದೇ ಹಾಕಬೇಕೆಂದು ಪ್ರಾರ್ಥನೆ.

ಇಂತಿ,
ವರ್ಷದ ಚಂದಾ ಮುಂಗಡವಾಗಿ ಕೊಟ್ಟಿರುವ ಓದುಗ ವರ್ಗ