ಕಚರಾ-ಕ್ಷೇಪಣ ಮೀಮಾಂಸೆ: ಬೀದರ ಸೀಮೆಯ ಒಂದು ದರ್ಶನದ ಶಾಸ್ತ್ರೀಯ ವಿವೇಚನೆ

ಬೀದರ ನಗರ, ಭಾಲ್ಕಿ ಮತ್ತು ಔರಾದ ಪಟ್ಟಣಗಳಲ್ಲಿ ಪ್ರಚಲಿತವಿರುವ ಕಚರಾ-ಕ್ಷೇಪಣ ದರ್ಶನವು, ಅಂದರೆ ಕೈಯಲ್ಲಿದ್ದುದನ್ನು ಕಾಲ ಬಳಿ ಬಿಟ್ಟು ತಿರುಗಿ ನೋಡದೆ ಮುಂದೆ ಸಾಗುವ ಪದ್ಧತಿಯು, ಬಹಮನಿಗಳಿಂದಾಗಲಿ ಬರೀದಶಾಹಿಗಳಿಂದಾಗಲಿ ನಿಜಾಮರಿಂದಾಗಲಿ ಬಂದ ಬಳುವಳಿಯಲ್ಲ. ಅದು ಸ್ವತಂತ್ರ ಪ್ರಜೆಗಳ ಸ್ವಂತ ಸಾಧನೆ. ಎಸೆದ ವಸ್ತು ಎಸೆದ ಕ್ಷಣದಲ್ಲಿಯೇ ಇಲ್ಲವಾಗುತ್ತದೆ ಎಂಬ 'ಲಯವಾದ' ಇದರ ಮೂಲಸೂತ್ರ. ಸ್ವಂತ ಅಂಗಳದಲ್ಲಿ ಮಾತ್ರ ಈ ಲಯ ಸಂಭವಿಸದು ಎಂಬ ಉಪಸೂತ್ರವೂ ಉಂಟಾದ್ದರಿಂದ, ಬೆಳಗಾಗೆದ್ದು ಅಂಗಳ ಗುಡಿಸಿ, ನೀರು ಚೆಲ್ಲಿ, ರಂಗೋಲಿ ಹಾಕುವ ಮನೆತನವೇ ಗುಡಿಸಿದ್ದನ್ನು ಎದುರಿನ ಗಟಾರಕ್ಕೆ ಶ್ರದ್ಧೆಯಿಂದ ತಳ್ಳುತ್ತದೆ.

ಈ ದರ್ಶನದ ಪ್ರಮುಖ ಅವಶೇಷ ಗುಟಕಾ ಚೀಟು. ಕ್ಷೇಪಕನು (ಎಸೆಯುವವನು) ಚೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಯಾವ ಕಸಬರಿಗೆಗೂ ಸಿಗದಷ್ಟು ಸಣ್ಣದಾದ ಆ ಚೂರನ್ನು ಮೊದಲು ಉಗುಳಿ, ತಲೆಯೆತ್ತಿ ಪುಡಿಯನ್ನು ಬಾಯಿಗೆ ಸುರಿದುಕೊಂಡು, ಉಳಿದುದನ್ನು ಬೆರಳ ಸಂದಿನಿಂದ ಜಾರಬಿಡುತ್ತಾನೆ. ಎಸೆದನೆಂಬ ಅಪವಾದವೂ ಅವನಿಗೆ ತಟ್ಟದು. ಕರ್ನಾಟಕದಲ್ಲಿ 2013ರಲ್ಲಿ ತಂಬಾಕು ಬೆರೆತ ಗುಟಕಾಕ್ಕೆ ನಿಷೇಧ ಬಂದ ಮೇಲೆ ಪಾನ್ ಮಸಾಲಾ ಒಂದು ಚೀಟಿನಲ್ಲಿಯೂ ತಂಬಾಕು ಇನ್ನೊಂದರಲ್ಲಿಯೂ ಮಾರಾಟವಾಗತೊಡಗಿ, ಬೆರೆಸುವ ಕೆಲಸ ಗಿರಾಕಿಗೆ ವರ್ಗವಾಯಿತು, ಚೀಟು ಒಂದಿದ್ದುದು ಎರಡಾಯಿತು. ಇವುಗಳನ್ನು ಪ್ಲಾಸ್ಟಿಕ್ ಚೀಟಿನಲ್ಲಿ ಮಾರಬಾರದೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ನಿಯಮಕ್ಕೂ ಪಾನ್ ಡಬ್ಬಿಗೂ ಇನ್ನೂ ಪರಿಚಯವಾದಂತಿಲ್ಲ. ಹಲವು ಪದರಗಳನ್ನು ಅಂಟಿಸಿ ಮಾಡಿದ ಇಂಥ ಚೀಟನ್ನು ಬಿಡಿಸಿ ಮರುಬಳಸುವುದು ಕಷ್ಟವಾದ್ದರಿಂದ ಭಂಗಾರದವರು (ಗುಜರಿ ಕೊಳ್ಳುವವರು) ಅದಕ್ಕೆ ಬೆಲೆ ಕಟ್ಟುವುದಿಲ್ಲ, ಬೆಲೆಯಿಲ್ಲದ್ದನ್ನು ಆಯುವವರು ಮುಟ್ಟುವುದಿಲ್ಲ.

ಲಯವಾದವನ್ನು ಪರೀಕ್ಷಿಸಲು ಬೀದರಕ್ಕಿಂತ ಯೋಗ್ಯ ಸ್ಥಳ ದುರ್ಲಭ. ನಗರವು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲಿದೆ. ಈ ಕಲ್ಲು ರಂಧ್ರಮಯವಾಗಿರುವುದರಿಂದ ಮಳೆನೀರು ಅದರೊಳಗೆ ಇಂಗಿ, ಕೆಳಗಿನ ಬಿಗಿಯಾದ ಪದರ ತಡೆದಲ್ಲಿ ಝರಿಯಾಗಿ ಹೊರಬರುತ್ತದೆ. ಆದಕಾರಣ ಮೇಲೆ ಕೊಳೆತ ತಿಪ್ಪೆಯ ರಸಕ್ಕೂ ಕೆಳಗಿಳಿಯುವ ದಾರಿ ಮುಕ್ತವಾಗಿದೆ. ನೌಬಾದಿನ ಸುರಂಗ ಬಾವಿ, ಅಂದರೆ ಅಂತರ್ಜಲವನ್ನು ಇಳಿಜಾರಿನಲ್ಲಿ ತಾನಾಗಿ ಹರಿಸುವ ಬಹಮನಿ ಕಾಲದ ಕಾಲುವೆ, ಗಾಳಿ ಬೆಳಕಿಗಾಗಿ ನೆಲದ ಮೇಲೆ ಸಾಲುಬಾಯಿಗಳನ್ನು ಹೊಂದಿತ್ತು. ಮುಂದಿನ ತಲೆಮಾರುಗಳು ಆ ಬಾಯಿಗಳನ್ನು ಪೂರ್ವಜರು ದೂರದೃಷ್ಟಿಯಿಂದ ತೋಡಿಟ್ಟ ಕಸದ ಗುಂಡಿಗಳೆಂದು ಭಾವಿಸಿದವು. ಕಳೆದ ದಶಕದಲ್ಲಿ ಹೂಳು ತೆಗೆದಾಗ ನೀರು ಮತ್ತೆ ಕಂಡಿತು. ನಗರದ ನಾಲೆಗಳಲ್ಲಿ ತೇಲಿಹೋದ ಕ್ಯಾರಿಬ್ಯಾಗಿಗಾದರೋ ಮಾಂಜ್ರಾ ನದಿಯ ಮೂಲಕ ನಿಜಾಮಸಾಗರ, ಗೋದಾವರಿಗಳ ತೀರ್ಥಯಾತ್ರೆ ಲಭ್ಯವಿದೆ.

ಇನ್ನು ದೇವಣಿ ದನಗಳ ವಿಚಾರ. ಬೀದರ ಸೀಮೆ ಈ ತಳಿಯ ತವರು; ಪಶುವೈದ್ಯ ವಿಶ್ವವಿದ್ಯಾಲಯವೂ ಇದೇ ನಗರದಲ್ಲಿದೆ. ಉಳಿದ ರೊಟ್ಟಿ, ಅನ್ನವನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿ ಗಂಟು ಬಿಗಿದು ಎಸೆಯುವುದನ್ನು ಕ್ಷೇಪಕರು ಗೋಸೇವೆಯೆಂದೇ ತಿಳಿದಿದ್ದಾರೆ. ಗಂಟು ಬಿಚ್ಚಲು ಕೈಯಿಲ್ಲದ ದನ ಚೀಲಸಮೇತ ನುಂಗುತ್ತದೆ; ಪ್ಲಾಸ್ಟಿಕ್ ಅದರ ಮೊದಲ ಹೊಟ್ಟೆಯಲ್ಲಿ ಕರಗದೆ, ಮುಂದೆಯೂ ಸಾಗದೆ, ಹಗ್ಗದಂತೆ ಹೊಸೆದುಕೊಂಡು ಉಂಡೆಗಟ್ಟಿ ಮೇವಿನ ಜಾಗವನ್ನು ಆಕ್ರಮಿಸುತ್ತದೆ. ಹೊಟ್ಟೆ ತುಂಬಿದ ದನ ಹಸಿವಿನಿಂದ ಸೊರಗುತ್ತದೆ. ಲಯವಾದದ ಖಂಡನೆ ಇಲ್ಲಿಗೆ ಪೂರ್ಣ.

'ಇಲ್ಲಿ ಕಸ ಹಾಕಬಾರದು' ಎಂಬ ಫಲಕಶಾಸನಗಳ ಬುಡದಲ್ಲಿಯೇ ಹೆಚ್ಚಿನ ರಾಶಿ ಕಂಡುಬರುವುದರಿಂದ, ಅವು ನಿಷೇಧವಲ್ಲ, ವಿಳಾಸ ಎಂದು ನಿರ್ಣಯಿಸಬೇಕಾಗುತ್ತದೆ. ಪರಿಹಾರಗಳು ಶಾಸ್ತ್ರಕ್ಕೆ ಅವಮಾನವಾಗುವಷ್ಟು ಸರಳವಾಗಿವೆ: ಸಂತೆಗೆ ಬಟ್ಟೆಯ ಥೈಲಿ ಒಯ್ಯುವುದು, ಹಸಿ ಕಸವನ್ನೂ ಒಣ ಕಸವನ್ನೂ ಬೇರೆಬೇರೆಯಾಗಿ ಕಚರಾ ಗಾಡಿಗೆ ಕೊಡುವುದು, ರೊಟ್ಟಿಯನ್ನು ಚೀಲ ಬಿಟ್ಟು ದನದ ಮುಂದಿಡುವುದು, ಪಾನ್ ಡಬ್ಬಿಯ ಮುಂದೊಂದು ಬುಟ್ಟಿ ಇರಿಸಿ ಅದನ್ನು ದಿನವೂ ಖಾಲಿ ಮಾಡುವುದು. ಬುಟ್ಟಿ ಸಿಗುವವರೆಗೆ ಖಾಲಿ ಚೀಟನ್ನು ಜೇಬಿನಲ್ಲಿಟ್ಟುಕೊಂಡರೆ ಜೇಬು ಹೊಲಸಾಗುವುದೆಂದು ಕ್ಷೇಪಕರು ಎತ್ತುವ ಆಕ್ಷೇಪಕ್ಕೆ ಉತ್ತರವಿಷ್ಟೆ: ಐದು ನಿಮಿಷದ ಹಿಂದೆ ಅದೇ ಚೀಟು ತುಂಬಿಕೊಂಡು ಅದೇ ಜೇಬಿನಲ್ಲಿತ್ತು.